ಪ್ರೈಮರ್‌ಗೆ ಜಾಗವಿಲ್ಲದ ಕೆಲಸ: ಒಂದು ಪಾರದರ್ಶಕ ಆರ್‌ಸಿ ಬಾಡಿಯ ಪ್ರಕರಣ

ರೇಡಿಯೊ ನಿಯಂತ್ರಿತ (ಆರ್‌ಸಿ) ಆಟದ ಕಾರಿನ ಬಾಡಿಗೆ, ಅಂದರೆ ಅದರ ಪಾರದರ್ಶಕ ಪ್ಲಾಸ್ಟಿಕ್ ಹೊರಕವಚಕ್ಕೆ, ಬಣ್ಣ ಬಳಿಯಲು ಹೋದ ಪ್ರಕರಣ ಇದು. ಇದರಲ್ಲಿ ಇರುವವರು ಇಬ್ಬರು: ತಂದೆ ಮತ್ತು ಹೈಸ್ಕೂಲಿನಲ್ಲಿ ಓದುವ ಮಗಳು. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಊರು ಕರಾವಳಿಯದು, ಕಾಲ ಮಳೆಗಾಲ ಎಂಬುದನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಏಕೆಂದರೆ ನಡೆದದ್ದರಲ್ಲಿ ಇವೆರಡರ ಪಾಲೂ ಇದೆ.

ಹಿನ್ನೆಲೆ

ತಂದೆ ಬಹಳ ವರ್ಷಗಳಿಂದ ಪ್ಲಾಸ್ಟಿಕ್ ಮಾದರಿ ವಿಮಾನಗಳನ್ನು ಜೋಡಿಸುತ್ತಾ ಬಂದವರು. ಕೈಕೆಲಸ ಬಲು ಅಚ್ಚುಕಟ್ಟು. ಭಾಗಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಹಿಡಿಯಲೆಂದು ಅಡಿಪದರವಾಗಿ ಪ್ರೈಮರ್ ಹೊಡೆದು, ಮೊದಲು ತಿಳಿ ಬಣ್ಣ, ಆಮೇಲೆ ಗಾಢ ಬಣ್ಣ, ಕೊನೆಯಲ್ಲಿ ಹೊಳಪಿನ ಕ್ಲಿಯರ್ ಕೋಟ್. ಈ ಕ್ರಮ ಅವರಿಗೆ ಕರತಲಾಮಲಕ. ಮಗಳಿಗೆ ಶೋಕೇಸಿನಲ್ಲಿ ಕೂರುವ ವಿಮಾನ ಬೇಡ, ಓಡುವ ವಸ್ತು ಬೇಕು. ಹಾಗಾಗಿ ಮನೆಗೆ 1/10 ಅಳತೆಯ, ಬ್ಯಾಟರಿಯಿಂದ ಓಡುವ ರೇಡಿಯೊ ನಿಯಂತ್ರಿತ ಟೂರಿಂಗ್ ಕಾರು ಬಂತು. ಅದಕ್ಕೆ 190 ಮಿಲಿಮೀಟರ್ ಅಗಲದ, ಬಣ್ಣ ಬಳಿಯದ ಪಾರದರ್ಶಕ ಬಾಡಿಯನ್ನು ಬೇರೆಯಾಗಿ ತರಿಸಿದರು.

ಈ ಬಾಡಿಗಳು ಪಾಲಿಕಾರ್ಬೊನೇಟ್ ಹಾಳೆಯಿಂದ ಆದವು. ಹವ್ಯಾಸಿಗಳ ಬಾಯಲ್ಲಿ ಇದು 'ಲೆಕ್ಸಾನ್ ಬಾಡಿ'. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ತಂತಮ್ಮ ಪಾಡಿಗೆ ಕಂಡುಕೊಂಡ ಪ್ಲಾಸ್ಟಿಕ್ ಇದು. ಲೆಕ್ಸಾನ್ ಎಂಬುದು ಜನರಲ್ ಎಲೆಕ್ಟ್ರಿಕ್ ಇಟ್ಟ ಮಾರಾಟದ ಹೆಸರು. ಸಿಡಿಗಳೂ ಹೆಲ್ಮೆಟ್ಟಿನ ವೈಸರ್‌ಗಳೂ ಇದರಿಂದಲೇ ಆಗುತ್ತವೆ. ಮುಕ್ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ದಪ್ಪದ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಎಳೆದು ಕಾರಿನ ಆಕಾರ ಕೊಡುತ್ತಾರೆ. ಹಾಳೆ ಹೆಚ್ಚು ಹಿಗ್ಗಿದ ಕಡೆ, ಅಂದರೆ ಬಂಪರಿನ ಮೂಲೆ ಮತ್ತು ಚಕ್ರದ ಕಮಾನಿನ ಸುತ್ತ, ಪ್ಲಾಸ್ಟಿಕ್ ತೆಳುವಾಗುವುದಲ್ಲದೆ ಒಳಗೊಂದು ಬಿಗುವೂ ಉಳಿದುಬಿಡುತ್ತದೆ. ಇದರ ಪರಿಣಾಮ ಮುಂದೆ ಕಾಣುತ್ತದೆ.

ಬಣ್ಣ ಬಳಿಯುವುದು ಬಾಡಿಯ ಒಳಮೈಗೆ. ಕಾರು ಮಗುಚಿ ಕಾಂಕ್ರೀಟಿನ ಮೇಲೆ ಉಜ್ಜಿಕೊಂಡು ಹೋದರೆ ಗೀರು ಬೀಳುವುದು ಹೊರಗಿನ ಪ್ಲಾಸ್ಟಿಕ್ಕಿಗೆ, ಬಣ್ಣಕ್ಕೆ ಏನೂ ಆಗುವುದಿಲ್ಲ. ಹೊಳಪಿಗೂ ಬೇರೆ ಖರ್ಚಿಲ್ಲ, ಪ್ಲಾಸ್ಟಿಕ್ಕೇ ಅದನ್ನು ಕೊಡುತ್ತದೆ.

ಮೊದಲ ಬಾಡಿ

ಮಗಳು ಬರೆದ ವಿನ್ಯಾಸ ಸರಳವಾಗಿತ್ತು: ಮೈಯೆಲ್ಲ ಹಳದಿ, ಬಾನೆಟ್ಟಿನಿಂದ ಚಾವಣಿಯ ಮೇಲೆ ಹಾದು ಹಿಂದಿನವರೆಗೆ ಎರಡು ಕಪ್ಪು ಪಟ್ಟೆ. ಒಳಗಿನಿಂದ ಬಳಿಯಬೇಕೆಂದು ಬಾಡಿಯ ಜೊತೆ ಬಂದ ಚೀಟಿಯಲ್ಲಿತ್ತು. ತಂದೆ ಅದನ್ನು ಪಾಲಿಸಿದರು. ತೊಡಕು ಹುಟ್ಟಿದ್ದು ಅಲ್ಲೇ. ಆ ಒಂದು ನಿಯಮವನ್ನು ಒಪ್ಪಿಕೊಂಡು, ವಿಮಾನದ ಮೇಲೆ ಕಲಿತ ಉಳಿದ ಅಭ್ಯಾಸಗಳನ್ನೆಲ್ಲ ಹಾಗೆಯೇ ಇಟ್ಟುಕೊಂಡರು.

ಮೊದಲ ತೀರ್ಮಾನ ಬಣ್ಣದ್ದು. ಪಾಲಿಕಾರ್ಬೊನೇಟಿಗೆಂದೇ ಬೇರೆ ಸ್ಪ್ರೇ ಬಣ್ಣಗಳಿವೆ. ಜಪಾನಿನ ತಾಮಿಯಾ ಕಂಪನಿಯಲ್ಲಿ ಅವುಗಳ ಗುರುತು 'ಪಿಎಸ್', ಗಟ್ಟಿ ಪ್ಲಾಸ್ಟಿಕ್ ಮಾದರಿಗಳ ಬಣ್ಣದ ಗುರುತು 'ಟಿಎಸ್'. ಡಬ್ಬಿಗಳು ನೋಡಲು ಅವಳಿ ಜವಳಿ, ಗುಣ ಪೂರ್ತಿ ಬೇರೆ. ಪಿಎಸ್ ಬಣ್ಣದ ದ್ರಾವಕ ಪಾಲಿಕಾರ್ಬೊನೇಟಿನ ಮೇಲ್ಪದರವನ್ನು ತುಸುವೇ ಕಚ್ಚಿ ಹಿಡಿಯುತ್ತದೆ, ಬಾಡಿ ಬಾಗಿದರೆ ಬಣ್ಣವೂ ಬಾಗುತ್ತದೆ. ಆದರೆ ಒತ್ತಡ ತುಂಬಿದ, ಬೆಂಕಿ ತಗಲುವ ಡಬ್ಬಿಗಳನ್ನು ಕೊರಿಯರಿನವರು ವಿಮಾನದಲ್ಲಿ ಕಳಿಸುವುದಿಲ್ಲ, ರಸ್ತೆಯ ಮೇಲೆಯೇ ಬರಬೇಕು. ಕಾಯುವ ಮನಸ್ಸಿಲ್ಲದೆ ತಂದೆ ವಾಹನ ಬಿಡಿಭಾಗಗಳ ಅಂಗಡಿಯಿಂದ ಕಾರಿನ ಟಚ್‌ಅಪ್ ಸ್ಪ್ರೇ ತಂದರು. ನಿಜವಾದ ಕಾರಿಗೆ ನಿಲ್ಲುವ ಬಣ್ಣ ಆಟದ ಕಾರಿಗೆ ನಿಲ್ಲದೇ ಎಂಬುದು ಅವರ ವಾದ. ಮೇಲ್ನೋಟಕ್ಕೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಎರಡನೆಯದು ಕ್ರಮದ್ದು. ಪಟ್ಟೆಗಳ ಜಾಗಕ್ಕೆ ಟೇಪ್ ಅಂಟಿಸಿ ಹಳದಿ ಹೊಡೆದರು, ಟೇಪ್ ಕಿತ್ತು ಕಪ್ಪು ಹೊಡೆದರು. ಹಳದಿಯ ಹಿಂಬದಿಗೆ ಹೊದಿಕೆ ಹಾಕುವ ಯೋಚನೆ ಬರಲಿಲ್ಲ, ಏಕೆಂದರೆ ವಿಮಾನದಲ್ಲಿ ಒಣಗಿದ ಬಣ್ಣದ ಮೇಲೆ ಇನ್ನೊಂದು ಬಣ್ಣ ಬಿದ್ದರೆ ಮೇಲಿನದು ಮಾತ್ರ ಕಾಣುತ್ತದೆ. ಇಲ್ಲಿ ಹಳದಿ ತೆಳುವಾಗಿ ಬಿದ್ದಲ್ಲೆಲ್ಲ ಹಿಂದಿನ ಕಪ್ಪು ಇಣುಕಿತು. ಬಾಗಿಲುಗಳ ಮೇಲೆ ಪಾಚಿ ಬಣ್ಣದ ಮೋಡಗಳು ಎದ್ದವು.

ಮೂರನೆಯ ತೀರ್ಮಾನ ಚಿಕ್ಕದು, ಹಾನಿ ಮಾತ್ರ ಎಲ್ಲಕ್ಕಿಂತ ದೊಡ್ಡದು. ಬಾಡಿಯ ಹೊರಮೈಗೆ ತೆಳುವಾದ ರಕ್ಷಣಾ ಪೊರೆಯೊಂದು ಅಂಟಿಕೊಂಡೇ ಬರುತ್ತದೆ. ಅದು ಮಸುಕಾಗಿರುತ್ತದೆ, ಗೀರು ಬಿದ್ದಿರುತ್ತದೆ, ಅದರ ಮೂಲಕ ಬಣ್ಣ ಸರಿಯಾಗಿ ಕಾಣುವುದಿಲ್ಲ. ಹಳದಿ ಹೇಗೆ ಬಂದಿದೆಯೆಂದು ನೋಡುವ ಆಸೆಗೆ ತಂದೆ ಪೊರೆಯನ್ನು ಸುಲಿದರು. ಆಮೇಲೆ ಕಪ್ಪು ಹೊಡೆಯುವಾಗ ಅದರ ತುಂತುರು ಅಂಚು ದಾಟಿ, ಚಕ್ರದ ಕಮಾನುಗಳ ಸುತ್ತ ಹೊರಮೈಯ ಮೇಲೆ ಕೂತಿತು. ಮನೆಯಲ್ಲಿ ಎನ್‌ಸಿ ಥಿನ್ನರ್, ಅಂದರೆ ಬಣ್ಣ ತೆಳುಮಾಡುವ ದ್ರಾವಕ, ಇತ್ತು. ಬಟ್ಟೆಗೆ ಅದ್ದಿ ಒರೆಸಿದರು. ಕಪ್ಪು ಹೋಯಿತು, ಜೊತೆಗೆ ಪಾರದರ್ಶಕತೆಯೂ ಹೋಯಿತು. ಒರೆಸಿದ ಜಾಗ ಹಾಲು ಬಣ್ಣಕ್ಕೆ ತಿರುಗಿತು. ಕಮಾನಿನ ಅಂಚಿನಿಂದ ಕೂದಲೆಳೆಯಂಥ ಬಿರುಕುಗಳು ಒಳಮುಖವಾಗಿ ಹಬ್ಬಿದವು.

ಥಿನ್ನರ್ ಪಾಲಿಕಾರ್ಬೊನೇಟಿನ ಒಳಗೆ ಇಳಿಯುತ್ತದೆ. ಅಚ್ಚಿನಲ್ಲಿ ಎಳೆದಾಗ ಬಿಗುವು ಉಳಿದ ಜಾಗದಲ್ಲಿ ಆ ಬಿಗುವು ಬಿಡಿಸಿಕೊಳ್ಳಲು ದಾರಿ ಸಿಗುತ್ತದೆ, ಆ ದಾರಿಯೇ ಬಿರುಕು. ಚಪ್ಪಟೆಯಾದ ಚಾವಣಿಯ ಮೇಲೆ ಬಿದ್ದಿದ್ದರೆ ಮಸುಕಿಗೇ ನಿಲ್ಲುತ್ತಿತ್ತೋ ಏನೋ, ಕಮಾನು ತಡೆಯಲಿಲ್ಲ. ಇದೇ ಕಾರಣಕ್ಕೆ ಮೋಟಾರ್ ತೊಳೆಯುವ ಸ್ಪ್ರೇ, ಸ್ಕ್ರೂ ಸಡಿಲವಾಗದಂತೆ ಹಾಕುವ ಥ್ರೆಡ್‌ಲಾಕ್ ಅಂಟು ಇವುಗಳನ್ನು ಬಳಸುವಾಗ ಬಾಡಿಯನ್ನು ದೂರ ಇಡಬೇಕು.

ಇಷ್ಟಾದರೂ ಮಗಳು ಕಾರನ್ನು ಓಡಿಸಿದಳು, ಓಡಿಸಬೇಕಾದ್ದೇ. ಕಾಂಕ್ರೀಟ್ ಅಂಗಳದ ಕಟ್ಟೆಗೆ ಒಮ್ಮೆ ಗುದ್ದಿದಾಗ ಬಾಡಿ ಬಾಗಿ ಮತ್ತೆ ನೆಟ್ಟಗಾಯಿತು. ಹಳದಿ ಬಣ್ಣ ಬಾಗಲಿಲ್ಲ. ಬಂಪರಿನ ಒಳಗಿಂದ ಉಗುರಿನಗಲದ ಚಕ್ಕೆಗಳಾಗಿ ಉದುರಿ ಬ್ಯಾಟರಿಯ ಮೇಲೆ ಬಿತ್ತು. ತಂದೆ ಅದನ್ನು ನನ್ನ ಬಳಿ ತಂದದ್ದು ಈ ಸ್ಥಿತಿಯಲ್ಲಿ.

ಮೂರು ಅಭಿಪ್ರಾಯಗಳು

ಬಣ್ಣ ಏಕೆ ಉದುರಿತು ಎಂಬುದಕ್ಕೆ ಆ ಹೊತ್ತಿಗಾಗಲೇ ಮೂರು ಉತ್ತರಗಳು ತಯಾರಿದ್ದವು. ಒಳಮೈಯನ್ನು ಸಾಕಷ್ಟು ಉಜ್ಜಿ ಒರಟು ಮಾಡಿರಲಿಲ್ಲ ಎಂದು ತಂದೆ. ಅವರು ವಿಚಾರಿಸಿದ್ದ ಗ್ಯಾರೇಜಿನ ಪೇಂಟರ್ ಹೇಳಿದ್ದು, "ಸರ್, ಪ್ಲಾಸ್ಟಿಕ್ಕಿಗೆ ಪ್ರೈಮರ್ ಇಲ್ಲದೆ ಬಣ್ಣ ನಿಲ್ಲುತ್ತದೆಯೇ? ನಾವು ಬಂಪರಿಗೆ ಮೊದಲು ಅದನ್ನೇ ಹೊಡೆಯುವುದು." ಬಣ್ಣವೇ ತಪ್ಪು, ಡಬ್ಬಿಯ ಮೇಲೆ ಪಾಲಿಕಾರ್ಬೊನೇಟ್ ಎಂದು ಎಲ್ಲಿಯೂ ಬರೆದಿಲ್ಲ ಎಂದು ಮಗಳು.

ನನಗೆ ಉತ್ತರ ಗೊತ್ತಿತ್ತು, ಹೇಳಿಬಿಡಬಹುದಿತ್ತು. ಆದರೆ ವರ್ಷಗಟ್ಟಲೆ ಪ್ರೈಮರ್ ಹೊಡೆದ ಕೈಗೆ ಪ್ರೈಮರ್ ಬೇಡ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ತಲೆದೂಗಿ ಸುಮ್ಮನಾಗುತ್ತದೆ, ಮುಂದಿನ ಸಲ ಮತ್ತೆ ಡಬ್ಬಿಯ ಕಡೆಗೇ ಹೋಗುತ್ತದೆ. ಬಾಡಿಯ ಅಂಚಿನಿಂದ ಕತ್ತರಿಸಿ ತೆಗೆದ ಪಟ್ಟಿಗಳು ಇವೆಯೇ ಎಂದು ಕೇಳಿದೆ. ಅಚ್ಚಿನಿಂದ ಬರುವಾಗ ಬಾಡಿಯ ಸುತ್ತ ಬೇಡದ ಅಂಚು ಅಗಲವಾಗಿ ಉಳಿದಿರುತ್ತದೆ. ಎಲ್ಲರೂ ಅದನ್ನು ಕತ್ತರಿಸಿ ಕಸಕ್ಕೆ ಹಾಕುತ್ತಾರೆ. ಈ ಮನೆಯಲ್ಲಿ ಮಗಳು ಕಿವಿಯೋಲೆ ಮಾಡುವ ಯೋಚನೆಯಿಂದ ಅವನ್ನೆಲ್ಲ ಎತ್ತಿಟ್ಟಿದ್ದಳು. ಪ್ರಕರಣ ತಿರುಗಿದ್ದು ಈ ಪಟ್ಟಿಗಳ ಮೇಲೆ. ಅದೇ ಹಾಳೆ, ಅದೇ ಪ್ಲಾಸ್ಟಿಕ್. ಹಿಗ್ಗಿಲ್ಲದ ಕಾರಣ ಬಾಡಿಯ ಮೂಲೆಗಳಿಗಿಂತ ತುಸು ದಪ್ಪ, ಅಷ್ಟೇ ವ್ಯತ್ಯಾಸ.

ಪಟ್ಟಿಗಳನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಒಣಗಿಸಿದರು. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸುವ ಎಣ್ಣೆಯಂಥ ಅಂಶ ಒಳಮೈಗೆ ಅಂಟಿರಬಹುದು, ಬಾಡಿಯನ್ನೂ ಹೀಗೆಯೇ ತೊಳೆಯಬೇಕು. ಒಂದಕ್ಕೆ ಟಚ್‌ಅಪ್ ಬಣ್ಣ ಹಾಗೆಯೇ, ಇನ್ನೊಂದಕ್ಕೆ ಮರಳು ಕಾಗದದಿಂದ ಉಜ್ಜಿ, ಮತ್ತೊಂದಕ್ಕೆ ಪ್ರೈಮರ್ ಹಾಕಿ. ಅಷ್ಟರಲ್ಲಿ ಪಿಎಸ್ ಡಬ್ಬಿಗಳೂ ರಸ್ತೆಯ ಮೇಲೆ ಬಂದು ತಲುಪಿದ್ದವು, ಅದಕ್ಕೂ ಪಟ್ಟಿಗಳನ್ನು ಇಟ್ಟರು. ರಾತ್ರಿಯೆಲ್ಲ ಒಣಗಲು ಬಿಟ್ಟು, ಬ್ಲೇಡಿನಿಂದ ಚೌಕುಳಿ ಗೀರಿ, ಪ್ಯಾಕಿಂಗ್ ಟೇಪ್ ಒತ್ತಿ ಅಂಟಿಸಿ ರಪ್ಪನೆ ಕಿತ್ತರು. ಆಮೇಲೆ ಪಟ್ಟಿಯನ್ನು ಎರಡು ಮಡಿಕೆಯಾಗಿ ಬಗ್ಗಿಸಿದರು.

ಸುಮ್ಮನೆ ಹೊಡೆದ ಟಚ್‌ಅಪ್ ಬಣ್ಣ ಟೇಪಿನ ಜೊತೆ ಪೂರ್ತಿ ಎದ್ದು ಬಂತು. ಉಜ್ಜಿದ್ದು ಟೇಪಿಗೆ ಜಗ್ಗಲಿಲ್ಲ. ತಂದೆಯ ಮುಖ ಅರಳಿತು. ಆದರೆ ಬಗ್ಗಿಸಿದ ಗೆರೆಯ ಉದ್ದಕ್ಕೂ ಅದು ಒಡೆಯಿತು, ಉಜ್ಜಿದ ಗೀರುಗಳೂ ಮುಂಭಾಗದಿಂದ ಎದ್ದು ಕಂಡವು. ಪ್ರೈಮರ್ ಹಾಕಿದ ಪಟ್ಟಿ ಎರಡೂ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಂತಿತು. ಪೇಂಟರ್ ಹೇಳಿದ್ದೇ ಸರಿ ಎಂದು ತಂದೆ ಅದನ್ನು ಮೇಜಿನ ಮೇಲೆ ಇಟ್ಟರು, ಬಣ್ಣ ಬಳಿದ ಮೈ ಮೇಲೆ ಮಾಡಿ.

ಮಗಳು ಅದನ್ನು ಮಗುಚಿದಳು. "ಅಪ್ಪಾ, ಕಾರಿನಲ್ಲಿ ಕಾಣುವುದು ಈ ಕಡೆಯಲ್ಲವೇ?"

ಮಗುಚಿದ ಪಟ್ಟಿ ಬೂದು ಬಣ್ಣಕ್ಕಿತ್ತು. ಹಳದಿಯ ಸುಳಿವೇ ಇರಲಿಲ್ಲ.

ಗ್ಯಾರೇಜಿನವರ ಮಾತು ಅವರ ಕೆಲಸಕ್ಕೆ ನೂರಕ್ಕೆ ನೂರು ಸರಿ. ಅವರು ಬಳಿಯುವ ಬಂಪರ್ ಬೇರೆ ಪ್ಲಾಸ್ಟಿಕ್, ಬಳಿಯುವುದೂ ಹೊರಗಿನಿಂದ. ಒಳಗಿನಿಂದ ಬಳಿಯುವಾಗ ಪ್ಲಾಸ್ಟಿಕ್ಕಿಗೆ ತಾಗುವ ಮೊದಲ ಪದರವೇ ಮುಖ. ಅದರ ಮುಂದೆ ಪ್ರೈಮರ್ ನಿಲ್ಲುವುದಕ್ಕೆ ಜಾಗವೇ ಇಲ್ಲ. ಹಾಗಾಗಿ ತಾನೇ ಅಂಟಿಕೊಳ್ಳುವ ಬಣ್ಣವನ್ನು ಆರಿಸದೆ ಬೇರೆ ದಾರಿಯಿಲ್ಲ. ಪಿಎಸ್ ಪಟ್ಟಿ ಉಜ್ಜದೆಯೇ ಟೇಪಿಗೂ ಜಗ್ಗಲಿಲ್ಲ, ಬಾಗುವುದಕ್ಕೂ ಒಡೆಯಲಿಲ್ಲ. ಎರಡನೆಯ ಬಾಡಿಯನ್ನು ಮರಳು ಕಾಗದ ಮುಟ್ಟಿಸದೆ ಬಳಿಯುವುದೆಂದು ಅಲ್ಲಿಯೇ ತೀರ್ಮಾನವಾಯಿತು.

ಒಂದು ಅಭ್ಯಾಸ ತಲೆಕೆಳಗಾದದ್ದನ್ನು ಕಣ್ಣಾರೆ ಕಂಡ ಮೇಲೆ ಉಳಿದವನ್ನು ತಂದೆ ತಾವೇ ಪ್ರಶ್ನಿಸತೊಡಗಿದರು. ಕ್ರಮವೂ ಹಾಗಾದರೆ ತಿರುಗಬೇಕಲ್ಲ? ತಿರುಗಬೇಕು. ಮೈಸೂರು, ತಂಜಾವೂರುಗಳಲ್ಲಿ ಗಾಜಿನ ಹಿಂಬದಿಗೆ ಚಿತ್ರ ಬರೆಯುತ್ತಿದ್ದವರು ಮಾಡುತ್ತಿದ್ದದ್ದು ಇದನ್ನೇ: ಮೊದಲು ಕಣ್ಣಿನ ರೇಖೆ, ಒಡವೆಯ ಚುಕ್ಕೆ, ಆಮೇಲೆ ಮೈಬಣ್ಣ, ಎಲ್ಲಕ್ಕೂ ಕೊನೆಗೆ ಹಿನ್ನೆಲೆ. ಅಲ್ಲಿ ಕೈ ತಪ್ಪಿದ ಗೆರೆಯನ್ನು ಮೇಲಿನಿಂದ ಮುಚ್ಚುವಂತಿಲ್ಲ, ಇಲ್ಲಿಯೂ ಮುಚ್ಚುವಂತಿಲ್ಲ.

ಹಿಂಬದಿಯ ಬಣ್ಣ

ಮಗಳಿಗೆ ಈ ಸಲ ಸಾದಾ ಹಳದಿ ಬೇಡವಾಗಿತ್ತು, ಕಣ್ಣು ಕುಕ್ಕುವ ಫ್ಲೋರೊಸೆಂಟ್ ಹಳದಿ ಬೇಕಿತ್ತು. ತಾಮಿಯಾ ಪಟ್ಟಿಯಲ್ಲಿ ಅದು ಪಿಎಸ್-27. ಫ್ಲೋರೊಸೆಂಟ್ ಬಣ್ಣಗಳ ಗುಣವೆಂದರೆ ಅವು ಬೆಳಕನ್ನು ಹಾಯಗೊಡುತ್ತವೆ, ಹಿಂಬದಿಯಲ್ಲಿ ಏನಿದೆ ಎಂಬುದರ ಮೇಲೆ ಅವುಗಳ ಚೆಂದ ನಿಂತಿದೆ. ಮತ್ತೆ ಪಟ್ಟಿಗಳು ಬಂದವು. ಎಲ್ಲಕ್ಕೂ ಅದೇ ಹಳದಿ, ಹಿಂದೆ ಮಾತ್ರ ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬಿಳಿ, ಒಂದಕ್ಕೆ ಬೆಳ್ಳಿ, ಒಂದಕ್ಕೆ ಕಪ್ಪು. ಹೊದಿಕೆಯಿಲ್ಲದ್ದು ಪೇಲವ. ಬೆಳ್ಳಿಯದು ಪರವಾಗಿಲ್ಲ, ಆದರೆ ಮಂಕು. ಕಪ್ಪಿನದು ಹಳೆಯ ಬಾಡಿಯ ಬಾಗಿಲಿನ ಪಾಚಿ ಬಣ್ಣವೇ. ಬಿಳಿಯದನ್ನು ಕಿಟಕಿಯ ಬಳಿ ಹಿಡಿದಾಗ ಯಾರೂ ಮಾತಾಡುವ ಅಗತ್ಯ ಬೀಳಲಿಲ್ಲ. ಬಿಳಿ ಹೊದಿಕೆಗೆ ದುಡ್ಡಿಲ್ಲದಿದ್ದರೆ ಫ್ಲೋರೊಸೆಂಟ್ ಡಬ್ಬಿಗೂ ದುಡ್ಡು ಹಾಕಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಕಪ್ಪು ಮೊದಲು ಹೊಡೆದರೆ ಇನ್ನೊಂದು ಲಾಭವಿದೆ, ಇದು ತಂದೆಗೆ ಬಹಳ ಹಿಡಿಸಿತು. ಹಳದಿ ಬರಬೇಕಾದ ಜಾಗವನ್ನೆಲ್ಲ ಮುಚ್ಚಿ ಪಟ್ಟೆಗಳಿಗೆ ಕಪ್ಪು ಹೊಡೆಯುವುದು, ಟೇಪ್ ಕಿತ್ತು ಒಳಗೆಲ್ಲ ಹಳದಿ ಹೊಡೆಯುವುದು, ಅದರ ಹಿಂದೆ ಎಲ್ಲ ಕಡೆ ಬಿಳಿ. ಕಪ್ಪಿನ ಬೆನ್ನಿನ ಮೇಲೆ ಹಳದಿ, ಬಿಳಿ ಏನು ಬಿದ್ದರೂ ಹೊರಗೆ ಕಾಣುವುದಿಲ್ಲ. ಪಟ್ಟೆಗಳಿಗೆಂದು ಟೇಪ್ ಅಂಟಿಸುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ.

ಎರಡನೆಯ ಬಾಡಿ

ಹೊಸ ಬಾಡಿ ಬಂದ ಮೇಲೆ ಬಣ್ಣಕ್ಕಿಂತ ಮೊದಲು ಅದನ್ನು ಚಾಸಿಯ ಮೇಲೆ ಕೂರಿಸಿದರು. ಬಾಡಿಯನ್ನು ಹಿಡಿದು ನಿಲ್ಲಿಸುವ ಕಂಬಗಳು ಪಾರದರ್ಶಕ ಪ್ಲಾಸ್ಟಿಕ್ಕಿನ ಮೂಲಕ ನೇರವಾಗಿ ಕಾಣುತ್ತಿದ್ದವು, ಹೊರಗಿನ ಪೊರೆಯ ಮೇಲೆ ಮಾರ್ಕರಿನಿಂದ ಚುಕ್ಕೆ ಇಟ್ಟು ತೂತು ಕೊರೆದರು. ಮೊದಲ ಬಾಡಿಗೆ ಬಣ್ಣ ಆದ ಮೇಲೆ ಅಂದಾಜಿನಿಂದ ಕೊರೆದಿದ್ದರಿಂದ ಅದು ಒಂದು ಕಡೆಗೆ ವಾಲಿಕೊಂಡೇ ಓಡುತ್ತಿತ್ತು.

ಕಿಟಕಿಗಳಿಗೆ ಬಣ್ಣ ತಾಗದಂತೆ ಮುಚ್ಚುವ ಮಾಸ್ಕ್ ಒಳಗಿನಿಂದ ಅಂಟಿಸಿ, ಟೇಪಿನ ಅಂಚುಗಳನ್ನು ಉಗುರಿನಿಂದ ಒತ್ತಿ ತೀಡಿದರು. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆದರು, ಬಿಸಿನೀರಿನಲ್ಲಿ ಇಡಲೇಬಾರದು. ಮೊದಲ ಸುತ್ತನ್ನು ಒಂದು ಗೇಣಿಗಿಂತ ಹೆಚ್ಚು ದೂರದಿಂದ, ಬಣ್ಣ ಬಿತ್ತೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಹೊಡೆಯಬೇಕು. ಆ ತೆಳು ಪದರ ಟೇಪಿನ ಅಂಚನ್ನು ಮೊಹರು ಮಾಡುತ್ತದೆ, ಮುಂದಿನ ಸುತ್ತುಗಳು ಟೇಪಿನಡಿಗೆ ನುಸುಳುವುದಿಲ್ಲ. ಮಗಳು ಇದನ್ನು ಚೆನ್ನಾಗಿ ಮಾಡಿದಳು. ತಂದೆ ಎಡಗಡೆಯ ಹಿಂಚಕ್ರದ ಮೇಲಿನ ತಗ್ಗಿನಲ್ಲಿ ಡಬ್ಬಿಯನ್ನು ಹತ್ತಿರ ಒಯ್ದರು. ಬಣ್ಣ ಕೂಡಿ ನಿಂತು, ಟೇಪಿನಡಿಗೆ ಕಪ್ಪು ಅಕ್ಕಿಕಾಳಿನಷ್ಟು ಉದ್ದಕ್ಕೆ ಹರಿಯಿತು.

ಇಲ್ಲಿ ತೀರ್ಮಾನಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹಲ್ಲುಕಡ್ಡಿಯಿಂದ ಕೆರೆದು ತೆಗೆಯಬಹುದಿತ್ತು, ಆದರೆ ಕೈ ಜಾರಿದರೆ ಪಟ್ಟೆಯ ಒಳ್ಳೆಯ ಅಂಚೂ ಹೋಗುತ್ತದೆ. ಇನ್ನೊಂದು ದಾರಿಯೆಂದರೆ ಹಾಗೆಯೇ ಬಿಟ್ಟು, ಕೊನೆಗೆ ಹೊರಮೈಯಲ್ಲಿ ಆ ಅಂಚಿನುದ್ದಕ್ಕೂ ತೆಳುವಾದ ಕಪ್ಪು ಸ್ಟಿಕರ್ ಗೆರೆ ಎಳೆಯುವುದು. ಅದು ಮೋಸ ಎಂದು ತಂದೆಗೆ ಅನಿಸಿತು. ಮಾದರಿ ವಿಮಾನದವರ ಆತ್ಮಸಾಕ್ಷಿ ಬಹಳ ಸೂಕ್ಷ್ಮ. ಕಾರು ಓಡುವಾಗ ಯಾರು ನೋಡುತ್ತಾರೆ ಎಂದು ಮಗಳು ಕೇಳಿದಳು. ಸ್ಟಿಕರ್ ಗೆದ್ದಿತು. ಹೊರಮೈಗೆ ಬಣ್ಣವೇ ಇಲ್ಲದ ಈ ಬಾಡಿಗಳಲ್ಲಿ ತಪ್ಪು ತಿದ್ದಲು ಅದಕ್ಕಿಂತ ಅಪಾಯವಿಲ್ಲದ ಉಪಾಯ ನನಗಂತೂ ಗೊತ್ತಿಲ್ಲ. ಬಲಗಡೆಗೂ ಅಂಥದೇ ಗೆರೆ ಎಳೆದ ಮೇಲೆ ಅದು ವಿನ್ಯಾಸದ ಭಾಗವೇ ಆಗಿಬಿಟ್ಟಿತು.

ಹಳದಿ, ಬಿಳಿ ಆದ ಮೇಲೆ, ಒಳಗಿನ ನೆರಳು ಹೊರಗೆ ಕಾಣದಂತೆ ಬಿಳಿಯ ಹಿಂದೆ ತೆಳುವಾಗಿ ಬೆಳ್ಳಿ. ಪೊರೆಗೆ ಅಲ್ಲಿಯವರೆಗೂ ಯಾರೂ ಕೈ ಹಚ್ಚಲಿಲ್ಲ. ಮೈಬಣ್ಣದ ಸ್ಪ್ರೇ ಕೆಲಸವೆಲ್ಲ ಮುಗಿದ ಮೇಲೆ ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ ಎಳೆದಾಗ, ಹೊರಗೆ ಬಿದ್ದ ತುಂತುರೆಲ್ಲ ಅದರ ಜೊತೆಗೇ ಹೋಯಿತು. ಥಿನ್ನರ್ ಬಾಟಲಿಯ ಮುಚ್ಚಳ ತೆರೆಯಲೇ ಇಲ್ಲ.

ಮಳೆ ಮತ್ತು ಕಿಟಕಿ

ಉಳಿದದ್ದು ಕಿಟಕಿಗಳ ನಸುಗಪ್ಪು ಛಾಯೆ, ಪಿಎಸ್-31. ಹೊರಗೆ ಜಡಿಮಳೆ, ಗೋಡೆಯೂ ಬೆವರುತ್ತಿದ್ದ ದಿನಗಳು. ಸ್ಪ್ರೇ ಬಣ್ಣದ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತೇವದ ಗಾಳಿಯಲ್ಲಿರುವ ನೀರಿನ ಅಂಶ ಅಲ್ಲಿ ಕೂತು ಬಣ್ಣ ಬಿಳಿಚಿಕೊಳ್ಳುತ್ತದೆ. ಕಪ್ಪು, ಹಳದಿಗಳಲ್ಲಿ ಇದು ತೊಂದರೆ ಕೊಡಲಿಲ್ಲ. ಬಿಳಿಚುವುದು ಗಾಳಿಗೆ ಒಡ್ಡಿದ ಹಿಂಬದಿ, ನಾವು ನೋಡುವುದು ಪ್ಲಾಸ್ಟಿಕ್ಕಿಗೆ ಅಂಟಿದ ಮುಂಬದಿ, ನಡುವೆ ಬಣ್ಣದ ದಪ್ಪವಿದೆ. ಕಿಟಕಿಯ ಛಾಯೆ ಆರಪಾರ ಕಾಣುವ ಬಣ್ಣ, ಅಲ್ಲಿ ಹಿಂಬದಿಯ ಬಿಳಿಚೂ ಮುಂದಕ್ಕೆ ಬಂದುಬಿಡುತ್ತದೆ. ಮಳೆಗಾಲದಲ್ಲಿ ಬಾಡಿಗೆ ಬಣ್ಣ ಬಳಿಯಲೇಬಾರದು ಎನ್ನುವವರು ಈ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ಪಟ್ಟಿಯೊಂದರ ಮೇಲೆ ಹೊಡೆದು ನೋಡಿದಾಗ ನಿರೀಕ್ಷಿಸಿದಂತೆಯೇ ಮಂಜು ಕವಿಯಿತು. ಕಿಟಕಿಗಳನ್ನು ನವರಾತ್ರಿ ಕಳೆದ ಮೇಲೆ ನೋಡೋಣ ಎಂದು ಬಿಟ್ಟರು. ಮಾಸ್ಕ್ ಕಿತ್ತು ಪಾರದರ್ಶಕ ಕಿಟಕಿಗಳೊಂದಿಗೇ ಮಗಳು ಓಡಿಸಿದಳು. ಒಳಗಿನ ತಂತಿ, ಮೋಟಾರ್ ಎಲ್ಲ ಕಾಣುತ್ತಿತ್ತು, ಅವಳಿಗೆ ಅದೇ ಇಷ್ಟವಾಯಿತು. ಒಣಹವೆ ಬಂದ ಮೇಲೆ ಛಾಯೆ ಹೊಡೆದರು. ಒಳಗೆಲ್ಲ ಬಿದ್ದರೂ ಉಳಿದ ಬಣ್ಣಗಳ ಬೆನ್ನಿನ ಮೇಲೆ ಅದು ಕಾಣುವಂತಿರಲಿಲ್ಲ, ಹಾಗಾಗಿ ಮಾಸ್ಕಿನ ಗೊಡವೆಯೂ ಬೀಳಲಿಲ್ಲ. ಹೊರಮೈಗೆ ಮಾತ್ರ ಟೇಪ್ ಮತ್ತು ಹಳೆಯ ಪತ್ರಿಕೆ ಸುತ್ತಬೇಕಾಯಿತು.

ಈಗಿನ ಸ್ಥಿತಿ

ಆ ಬಾಡಿ ಅನೇಕ ಸಲ ಮಗುಚಿದೆ. ಚಾವಣಿಯ ಹೊರಮೈ ಗೀರುಗಳಿಂದ ಮಸುಕಾಗಿದೆ, ಒಳಗಿನ ಬಣ್ಣ ಒಂದು ಚಕ್ಕೆಯೂ ಎದ್ದಿಲ್ಲ. ಮುಂಚಕ್ರದ ಕಮಾನಿನಲ್ಲಿ ಒಂದು ಬಿರುಕು ಶುರುವಾಗಿತ್ತು. ಅದರ ತುದಿಗೆ ಚಿಕ್ಕ ತೂತು ಕೊರೆದು ಮುಂದೆ ಹಬ್ಬದಂತೆ ನಿಲ್ಲಿಸಿ, ಒಳಗಿನಿಂದ ಗೋಡೆಯ ಸೀಳಿಗೆ ಹಾಕುವ ಜಾಲರಿ ಟೇಪನ್ನು ಬಾಗುವಂಥ ಶೂ ಅಂಟಿನಲ್ಲಿ ಕೂರಿಸಿದ್ದಾರೆ. ಕೆಟ್ಟ ಮೊದಲ ಬಾಡಿ ಬಿಸಾಡಿಲ್ಲ. ಹೊಸ ಟೇಪ್, ಹೊಸ ಡಬ್ಬಿ ಏನು ಬಂದರೂ ಮೊದಲ ಪ್ರಯೋಗ ಅದರ ಕಿಟಕಿಗಳ ಮೇಲೆ.

ಒಂದು ವಿಷಯದಲ್ಲಿ ಮಾತ್ರ ಅಪ್ಪ-ಮಗಳಿಗೆ ಇನ್ನೂ ಒಮ್ಮತವಿಲ್ಲ: ಅಂಚನ್ನು ಕತ್ತರಿಸುವುದು ಬಣ್ಣಕ್ಕೆ ಮೊದಲೋ ಆಮೇಲೋ. ಅಗಲವಾದ ಅಂಚು ಇದ್ದರೆ ಕೈಯಲ್ಲಿ ಹಿಡಿಯಲು ಅನುಕೂಲ, ತುಂತುರೂ ಹೊರಮೈಗೆ ತಿರುಗುವುದಿಲ್ಲ ಎಂಬುದು ತಂದೆಯ ಪಟ್ಟು. ಬಣ್ಣವಿಲ್ಲದಾಗ ಕತ್ತರಿಸುವ ಗೆರೆ ಎರಡೂ ಕಡೆಯಿಂದ ಕಾಣುತ್ತದೆ, ಪರೀಕ್ಷೆಗೆ ಪಟ್ಟಿಗಳೂ ಮೊದಲೇ ಸಿಗುತ್ತವೆ ಎಂಬುದು ಮಗಳದು. ಎರಡು ಹಂತಗಳಲ್ಲಿ ಕತ್ತರಿಸಿ ಎಂದು ನಾನು ಹೇಳಿದ್ದೇನೆ: ಮೊದಲು ಎರಡು ಬೆರಳಿನಗಲ ಅಂಚು ಉಳಿಸಿ ಹೊರಗಿನದನ್ನು ತೆಗೆಯುವುದು, ಬಣ್ಣ ಒಣಗಿದ ಮೇಲೆ ಗೆರೆಯವರೆಗೆ ಬರುವುದು. ಇಬ್ಬರೂ ಒಪ್ಪಿಲ್ಲ. ಮೂರನೆಯ ಬಾಡಿಗೆ ಆರ್ಡರ್ ಆಗಿದೆ, ಅದು ಬಂದ ದಿನ ಯಾರ ಕೈಗೆ ಮೊದಲು ಕತ್ತರಿ ಸಿಗುತ್ತದೆಯೋ ಅವರದೇ ಪದ್ಧತಿ ನಡೆಯುತ್ತದೆ.